ಅಲ್ಲಿಯ ಥರ ಇಲ್ಲಮ್ಮಾ

ಬೆಂಗಳೂರಿನ ಅಲ್ಲಾಳಸಂದ್ರದ ಅಪಾರ್ಟ್‌ಮೆಂಟುಗಳಲ್ಲಿ ಗಂಡಸರು ಅಡುಗೆಮನೆ ಹೊಕ್ಕಿದ್ದಾರೆ. ಸಾರಿಗೆ ಬೇಳೆ ಇಡಲಿಕ್ಕಲ್ಲ, ಮಗುವಿನ ಡಬ್ಬಿಗೆ ಚಿತ್ರಾನ್ನ ಕಲಸಲಿಕ್ಕೂ ಅಲ್ಲ. ಆ ಕೆಲಸಗಳು ಈಗಲೂ ಹೆಂಗಸರ ಪಾಲಿಗೇ ಭದ್ರವಾಗಿವೆ, ಯಾರೂ ಕಿತ್ತುಕೊಂಡಿಲ್ಲ. ಇವರು ಹೊಕ್ಕಿರುವುದು ಫ್ರೆಂಚ್ ಫ್ರೈಸ್ ಮಾಡಲು. ಅದೂ ಎಂಥ ಫ್ರೈಸ್? ಮಾಲಿನಲ್ಲಿ ರಟ್ಟಿನ ಡಬ್ಬಿಯಲ್ಲಿ ನಿಲ್ಲಿಸಿ ಕೊಡುತ್ತಾರಲ್ಲ, ಹಿಡಿದರೆ ಬಾಗದ, ಕಚ್ಚಿದರೆ ಕರಂ ಎನ್ನುವ, ಒಳಗೆ ಮಾತ್ರ ಹಿಟ್ಟುಹಿಟ್ಟಾಗಿರುವ ಆ ಕಡ್ಡಿ, ಸಾಕ್ಷಾತ್ ಅದೇ ಆಗಬೇಕು. ಒಂಚೂರು ಹೆಚ್ಚುಕಮ್ಮಿಯಾದರೂ ಮನೆಯಲ್ಲಿರುವ ಏಳು ವರ್ಷದ ಫುಡ್ ಇನ್‌ಸ್ಪೆಕ್ಟರು ಪಾಸು ಮಾಡುವುದಿಲ್ಲ. ಒಂದು ಕಡ್ಡಿ ಎತ್ತುತ್ತಾನೆ, ಅರ್ಧ ಕಚ್ಚುತ್ತಾನೆ, ಉಳಿದರ್ಧ ತಟ್ಟೆಗೆ ಹಾಕಿ ತೀರ್ಪು ಕೊಡುತ್ತಾನೆ: "ಅಲ್ಲಿಯ ಥರ ಇಲ್ಲಮ್ಮಾ." ಗಮನಿಸಿ, ಮಾಡಿದ್ದು ಅಪ್ಪ, ದೂರು ಅಮ್ಮನಿಗೆ.

ಯಾಕೆ ಸ್ವಾಮಿ ಈ ತಾಪತ್ರಯ ಎಂದರೆ ಎರಡು ಕಾರಣ ಕೊಡುತ್ತಾರೆ: ಆರೋಗ್ಯ ಮತ್ತು ಉಳಿತಾಯ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಸಾಹೇಬರಿದ್ದಾರೆ. ಕೆಲಸ ಮಾನ್ಯತಾ ಟೆಕ್ ಪಾರ್ಕಿನಲ್ಲಿ, ವಾಸ ಹೆಬ್ಬಾಳ ಫ್ಲೈಓವರ್ ಮೇಲೆ, ಮಲಗಲಿಕ್ಕೆ ಮಾತ್ರ ಅಲ್ಲಾಳಸಂದ್ರಕ್ಕೆ ಬರುತ್ತಾರೆ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಅವರು ಲೆಕ್ಕ ಒಪ್ಪಿಸುವುದು ಹೀಗೆ: "ನೋಡಿ ಸಾರ್, ಅಲ್ಲಿ ನೂರೂ ಚಿಲ್ಲರೆ ಕೊಟ್ಟರೆ ಎಣಿಸಿದ ಹಾಗೆ ಕಡ್ಡಿ. ಒಂದು ಕೆ.ಜಿ. ಆಲೂಗಡ್ಡೆ ಎಷ್ಟು? ಮೂವತ್ತೋ ನಲವತ್ತೋ. ಹಗಲು ದರೋಡೆ ಅಲ್ವಾ?"

ದರೋಡೆಯೇ. ಅದನ್ನು ತಡೆಯಲು ಸಾಹೇಬರು ತರಿಸಿಕೊಂಡ ಸಾಮಾನುಗಳೆಂದರೆ, ಎಣ್ಣೆಯೊಳಗೆ ಅದ್ದುವ ಡಿಜಿಟಲ್ ಥರ್ಮಾಮೀಟರು, ಕಡ್ಡಿಗಳೆಲ್ಲ ಒಂದೇ ದಪ್ಪ ಬೀಳುವಂತೆ ಒತ್ತುವ ಕಟ್ಟರು, ಎರಕದ ಕಬ್ಬಿಣದ ಬಾಣಲೆ, ಎಣ್ಣೆ ಬಸಿಯುವ ಜಾಲರಿ, ಬಿಳಿ ವಿನೆಗರು, ಐದು ಲೀಟರಿನ ಎಣ್ಣೆ ಕ್ಯಾನು. ಅಷ್ಟೂ ಬಂದ ಮೇಲೆ ಎಣ್ಣೆಯೇ ಬೇಡವೆಂಬ ಜ್ಞಾನೋದಯವಾಗಿ ಒಂದು ಏರ್ ಫ್ರೈಯರು. ಹಾಕಿದ ಬಂಡವಾಳ ಗಿಟ್ಟಬೇಕಾದರೆ ಮಗ ಪಿಯುಸಿ ಮುಗಿಸುವವರೆಗೂ ಎರಡು ಹೊತ್ತು ಫ್ರೈಸೇ ತಿನ್ನಬೇಕು. ಆಮೇಲೆ ನೋಡೋಣ ಆರೋಗ್ಯದ ಮಾತು.

ವಿಧಾನವೇನೂ ಗುಟ್ಟಲ್ಲ. ಶನಿವಾರ ಬೆಳಗ್ಗೆ ಸಿಪ್ಪೆ ತೆಗೆದು, ಕಿರುಬೆರಳಿಗಿಂತ ತೆಳ್ಳಗೆ ಕತ್ತರಿಸಿ, ತಣ್ಣೀರಿನಲ್ಲಿ ನೆನೆಹಾಕಬೇಕು. ನೀರು ಹಾಲುಬಿಳುಪಾಗುತ್ತದೆ. ಅದು ಕತ್ತರಿಸಿದ ಮೈಯಿಂದ ಇಳಿದ ಪಿಷ್ಟ. ಅದು ಅಲ್ಲೇ ಉಳಿದರೆ ಕಡ್ಡಿಗಳು ಬಾಣಲೆಯಲ್ಲಿ ಒಂದಕ್ಕೊಂದು ಅಂಟಿ, ಬೇಯುವ ಮೊದಲೇ ಕಪ್ಪಾಗುತ್ತವೆ. ನೀರು ತಿಳಿಯಾಗುವವರೆಗೆ ಬದಲಿಸಿ ಬದಲಿಸಿ ತೊಳೆಯಬೇಕು. ಕಾವೇರಿ ನೀರಿನ ಸಂಪರ್ಕವಿಲ್ಲದ ಕಟ್ಟಡವಾದರೆ ಅದು ಟ್ಯಾಂಕರ್ ನೀರು ಎಂಬುದನ್ನು ಮನಸ್ಸಿಗೆ ತಂದುಕೊಳ್ಳಬಾರದು. ಆಮೇಲೆ ವಿನೆಗರು ಹಾಕಿದ ನೀರಿನಲ್ಲಿ ಹದವಾಗಿ ಬೇಯಿಸಬೇಕು. ಹುಳಿ ಇದ್ದರೆ ಗಡ್ಡೆಯ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಬೇಗ ಕರಗುವುದಿಲ್ಲ, ಕಡ್ಡಿ ಬೆಂದರೂ ಮುರಿಯುವುದಿಲ್ಲ. ಬಟ್ಟೆಯ ಮೇಲೆ ಹರಡಿ ತೇವ ಆರಿಸಿ, 160 ಡಿಗ್ರಿ ಆಸುಪಾಸಿನ ಎಣ್ಣೆಯಲ್ಲಿ ಬಣ್ಣ ಬರದಂತೆ ಒಂದು ಸಲ ಕರಿದು, ಆರಿಸಿ, ರಾತ್ರಿಯಿಡೀ ಫ್ರೀಜರಿನಲ್ಲಿಡಬೇಕು. ಒಳಗಿನ ನೀರು ಹೆಪ್ಪುಗಟ್ಟಿ, ಹರಳುಗಳಾಗಿ, ಕೋಶದ ಗೋಡೆಗಳನ್ನು ಸೀಳುತ್ತದೆ. ಭಾನುವಾರ 190 ಡಿಗ್ರಿ ಎಣ್ಣೆಗೆ ಬಿಟ್ಟಾಗ ಆ ಸೀಳುಗಳಿಂದ ಹಬೆ ಸರಸರನೆ ಹೊರಟುಹೋಗಿ ಹೊರಮೈ ಗಾಜಿನಂತೆ ಗಟ್ಟಿಯಾಗುತ್ತದೆ, ಒಳಗೆ ಹಗುರಾಗುತ್ತದೆ. ಒಂದು ಸಲಕ್ಕೆ ಒಂದೇ ಹಿಡಿ. ಹೆಚ್ಚು ಸುರಿದರೆ ಎಣ್ಣೆಯ ಕಾವು ಧಡಕ್ಕನೆ ಬಿದ್ದು, ಕಡ್ಡಿ ಎಣ್ಣೆ ಕುಡಿದು ಮಲಗುತ್ತದೆ.

ಇದೆಲ್ಲ ನಿಜ, ಇದೆಲ್ಲ ಕೆಲಸಕ್ಕೆ ಬರುತ್ತದೆ. ಅದೇ ತೊಂದರೆ. ಸುಳ್ಳು ವಿಧಾನವಾಗಿದ್ದರೆ ಒಂದು ಭಾನುವಾರಕ್ಕೆ ಮುಗಿಯುತ್ತಿತ್ತು. ಇದು ಅರ್ಧಂಬರ್ಧ ಫಲ ಕೊಡುವುದರಿಂದ ಮುಂದಿನ ಭಾನುವಾರಕ್ಕೂ ಹಬ್ಬುತ್ತದೆ.

ಮೂರನೇ ಮಹಡಿಯಲ್ಲಿ ಮೊದಲ ತಕರಾರು ಬಂದದ್ದು ಸಾಹೇಬರ ತಾಯಿಯವರಿಂದ. ಬಾಣಲೆಯೊಳಗೆ ಥರ್ಮಾಮೀಟರು ಇಳಿಬಿಟ್ಟು ಅಂಕಿ ನೋಡುತ್ತಿದ್ದ ಮಗನ ಹಿಂದೆ ನಿಂತು, "ಏನೋ ಇದು? ಎಣ್ಣೆಗೆ ಜ್ವರ ಬಂದಿದ್ಯಾ?" ಎಂದರಂತೆ. ಎಣ್ಣೆ ಕಾದಿದೆಯೇ ಇಲ್ಲವೇ ಎಂದು ಒಂದು ಚೂರು ಹಿಟ್ಟು ಹಾಕಿ, ಅದು ತಳದಿಂದ ಮೇಲೇಳುವ ವೇಗದಲ್ಲೇ ಕಂಡುಕೊಳ್ಳುವ ಹೆಂಗಸು ಅವರು. ಮಗನಿಗೆ ಅದು ಡೇಟಾ ಅಲ್ಲ.

ಎರಡನೇ ತಕರಾರು ಗಂಭೀರವಾದದ್ದು, ಫ್ರೀಜರಿನ ಮೇಲೆ. ಮಾಗಿಯ ಚಳಿಯಲ್ಲಿ ಅತ್ತೆ ಸೊಸೆ ಟಿ.ವಿ. ಮುಂದೆ ಕೂತು, ಬೆರಳ ತುದಿ ಸುಕ್ಕಾಗುವವರೆಗೆ ಹಿತುಕಿ, ಕವರುಗಳಲ್ಲಿ ಕಟ್ಟಿಟ್ಟಿದ್ದ ಹಿತಕಿದ ಅವರೆಬೇಳೆ ಅಲ್ಲಿತ್ತು. ಕಡ್ಡಿಗಳನ್ನು ಒಂದರ ಮೇಲೊಂದು ಬೀಳದಂತೆ ತಟ್ಟೆಯಲ್ಲಿ ಹರಡಿ ಇಡಬೇಕೆಂದು ವಿಧಾನ ಹೇಳುತ್ತದೆ. ತಟ್ಟೆಗೆ ಜಾಗ ಬೇಕಾಯಿತು, ಬೇಳೆ ಹೊರಗೆ ಬಂತು. ಇಲ್ಲಿ ಒಂದು ಮಾತು ಹೇಳಲೇಬೇಕು. ಅಲ್ಲಾಳಸಂದ್ರದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ, ಎಲ್ಲರ ಬಾಯಲ್ಲಿ ಜಿಕೆವಿಕೆ. ಅದನ್ನು ಆವರಣ ಮಾಡಿಕೊಂಡಿರುವ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಹೆಬ್ಬಾಳದಲ್ಲಿ ಶುರುವಾಯಿತು. ವರ್ಷದ ಎಲ್ಲ ಕಾಲದಲ್ಲೂ ಬೆಳೆಯುವ ಹೆಬ್ಬಾಳ ಅವರೆ ತಳಿಗಳು ಬಂದದ್ದು ಅಲ್ಲಿಂದಲೇ. ಮನೆ ಬಾಗಿಲಲ್ಲಿ ವಿಶ್ವವಿದ್ಯಾಲಯವೇ ಕೂತು ಅವರೆಕಾಳು ಬೆಳೆಸಿಕೊಟ್ಟರೂ ನಾವು ಅದನ್ನು ಫ್ರೀಜರಿನಿಂದ ಹೊರಹಾಕಿ ಆ ಜಾಗಕ್ಕೆ ಇಡುತ್ತಿರುವುದು ಏನನ್ನು ಎಂದು ಕೇಳಿದರೆ, ಅದಕ್ಕೂ ಒಂದು ಸಂಶೋಧನಾ ಸಂಸ್ಥೆಯ ಉತ್ತರವಿದೆ.

ಉತ್ತರ ಸಿಕ್ಕಿದ್ದು ತರಕಾರಿ ಗಾಡಿಯ ಹತ್ತಿರ. ಸಾಹೇಬರಿಗೆ ಅಷ್ಟು ಹೊತ್ತಿಗೆ ತಪ್ಪು ತಮ್ಮದಲ್ಲ, ಗಡ್ಡೆಯದು ಎಂದು ಮನವರಿಕೆಯಾಗಿತ್ತು. ಗಾಡಿಯ ಅಕ್ಕ ಎಂದಿನಂತೆ ಕೇಳಿದರು: "ಪಲ್ಯಕ್ಕಾ ಸಾರ್, ಸಾಗುಗಾ? ಲೋಕಲ್ ಕೊಡ್ಲಾ, ಆಗ್ರಾ ಕೊಡ್ಲಾ?"

"ಫ್ರೈಸ್‌ಗೆ. ಇದರಲ್ಲಿ ಶುಗರ್ ಎಷ್ಟಿರುತ್ತೆ?"

"ಸಕ್ಕರೆ ನಾವಿಡಲ್ಲ ಸಾರ್. ಪಕ್ಕದ ಅಂಗಡೀಲಿ ಕೇಳಿ."

ನಗಬೇಡಿ, ಸಾಹೇಬರ ಪ್ರಶ್ನೆ ಸರಿಯಾಗಿಯೇ ಇತ್ತು. ಆಲೂಗಡ್ಡೆಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ತೀರ ತಣ್ಣಗೆ, ಎರಡು ನಾಲ್ಕು ಡಿಗ್ರಿಯಲ್ಲಿ ಇಟ್ಟರೆ ಅದರ ಪಿಷ್ಟ ಮೆಲ್ಲಗೆ ಸಕ್ಕರೆಯಾಗುತ್ತದೆ. ಪಲ್ಯಕ್ಕೆ ಅದರಿಂದ ಅಷ್ಟೇನೂ ನಷ್ಟವಿಲ್ಲ. ಕಾದ ಎಣ್ಣೆಗೆ ಬಿದ್ದರೆ ಆ ಸಕ್ಕರೆ ಮೊದಲು ಹೊತ್ತುತ್ತದೆ, ಕಡ್ಡಿ ಗರಿಯಾಗುವ ಮೊದಲೇ ಕಂದುಕಪ್ಪು. ಫ್ರೈಸಿಗೆ ಬೇಕಾದ್ದು ನೀರು ಕಡಿಮೆ, ಪಿಷ್ಟ ಹೆಚ್ಚು, ಸಕ್ಕರೆ ಇಲ್ಲವೆನ್ನುವಷ್ಟಿರುವ, ನೀಳವಾದ ಗಡ್ಡೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಅದಕ್ಕೆಂದೇ 2009ರಲ್ಲಿ ಕುಫ್ರಿ ಫ್ರೈಸೋನಾ ಎಂಬ ತಳಿ ಬಿಡುಗಡೆ ಮಾಡಿದೆ. ಚಿಪ್ಸಿಗೆ ಅದರ ಅಕ್ಕಂದಿರು ಚಿಪ್ಸೋನಾಗಳಿದ್ದಾರೆ. ಇವಲ್ಲದೆ ಸಂತಾನಾ, ಇನೊವೇಟರ್ ಎಂಬ ವಿದೇಶಿ ತಳಿಗಳು. ಇವು ಗುಜರಾತಿನ ಹೊಲಗಳಿಂದ ಕರಾರಿನ ಪ್ರಕಾರ ನೇರ ಕಾರ್ಖಾನೆಗೆ ಹೋಗುತ್ತವೆ. ಯಶವಂತಪುರದ ಯಾರ್ಡಿನಲ್ಲಿ ಗೋಣಿಚೀಲದ ಮೇಲೆ ಹೆಸರು ಬರೆಸಿಕೊಂಡು ಕೂರುವುದಿಲ್ಲ, ಅಲ್ಲಿಂದ ಅಲ್ಲಾಳಸಂದ್ರದ ತಳ್ಳುಗಾಡಿಗೆ ಬರುವುದೂ ಇಲ್ಲ. ಗಾಡಿಗೆ ಬರುವುದು ಎರಡೇ ಜಾತಿ. ಬಳ್ಳಾರಿ ರಸ್ತೆಯಲ್ಲೇ ಮುಂದೆ ಹೋದರೆ ಸಿಗುವ ಚಿಕ್ಕಬಳ್ಳಾಪುರದ ಕಡೆಯದು ಅಥವಾ ಹಾಸನದ್ದು, ಅದು ಲೋಕಲ್. ಉತ್ತರದಿಂದ ಲಾರಿಯಲ್ಲಿ ಬಂದದ್ದೆಲ್ಲ ಆಗ್ರಾ. ಅಕ್ಕನಿಗೆ ಗೊತ್ತಿರುವ ವಿಜ್ಞಾನ ಅಷ್ಟು, ಮತ್ತು ಪಲ್ಯಕ್ಕೆ ಅಷ್ಟು ಧಾರಾಳವಾಗಿ ಸಾಕು.

ಅಂದರೆ, ಥರ್ಮಾಮೀಟರು ಕೊಳ್ಳುವ ಮೊದಲೇ ಆಟ ಮುಗಿದಿತ್ತು. ಅಂಗಡಿಯ ಗರಿಗರಿ ಹುಟ್ಟುವುದು ಅಂಗಡಿಯಲ್ಲಲ್ಲ, ಅದಕ್ಕೂ ಎಷ್ಟೋ ತಿಂಗಳು ಹಿಂದೆ, ಯಾರದೋ ಹೊಲದಲ್ಲಿ.

ಹಾಸನದ ಹೊಲದ ಕತೆ ಬೇರೆ. ಅಲ್ಲಿಯ ರೈತ ಪ್ರತಿ ವರ್ಷ ಮೇ ತಿಂಗಳಲ್ಲಿ ಎಪಿಎಂಸಿ ಯಾರ್ಡಿನಲ್ಲಿ ಜಲಂಧರಿನಿಂದ ಬಂದ ಬಿತ್ತನೆ ಗಡ್ಡೆಗೆ ಕಾಯುತ್ತಾನೆ. ಪಂಜಾಬಿನ ಗಡ್ಡೆ, ಹಾಸನದ ಮಳೆ. ಉತ್ತರದವರು ಚಳಿಗಾಲದ ಒಣಹವೆಯಲ್ಲಿ ನೀರು ಹಾಯಿಸಿ ಬೆಳೆದರೆ, ನಮ್ಮವರು ಮುಂಗಾರನ್ನು ನಂಬಿ ನೆಡುತ್ತಾರೆ. ಮಳೆ ಬರದಿದ್ದರೆ ಗಡ್ಡೆ ಇಲ್ಲ. ಬಿಡದೆ ಬಂದರೆ ಅಂಗಮಾರಿ. 1845ರಲ್ಲಿ ಐರ್ಲೆಂಡಿಗೆ ಕ್ಷಾಮ ತಂದ ರೋಗ ಇದೇ. ಎಲೆಯ ಅಂಚಿನಲ್ಲಿ ನೀರು ಮೆತ್ತಿದಂತೆ ಕಾಣಿಸಿಕೊಂಡರೆ ವಾರದೊಳಗೆ ಹೊಲವೇ ಸುಟ್ಟ ಹಾಗಾಗುತ್ತದೆ. ಸೋತು ಸುಣ್ಣವಾದವರು ಒಬ್ಬೊಬ್ಬರೇ ಮುಸುಕಿನ ಜೋಳ, ಶುಂಠಿ ಎಂದು ಹೊರಟುಹೋದರು. ಒಂದು ಕಾಲಕ್ಕೆ ಆಲೂಗಡ್ಡೆ ಎಂದರೆ ಹಾಸನ ಎನ್ನುತ್ತಿದ್ದ ನಾಡು ಇದು. ಆ ರೈತನ ಗಡ್ಡೆಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಡ್ರೈ ಮ್ಯಾಟರ್ ಸಾಲದು" ಎಂದು ಗಾಡಿಗೆ ವಾಪಸು ಇಡುವವರು ಈಗ ನಮ್ಮ ಲೇಔಟಿನಲ್ಲಿ ಹುಟ್ಟಿಕೊಂಡಿದ್ದಾರೆ. ಮಳೆ, ರೋಗ, ದಲ್ಲಾಳಿ, ಮೂವರನ್ನೂ ದಾಟಿ ಬಂದ ಗಡ್ಡೆಗೆ ಕೊನೆಯ ಮೌಖಿಕ ಪರೀಕ್ಷೆ ತೆಗೆದುಕೊಳ್ಳುವುದು ಏಳು ವರ್ಷದ ಹುಡುಗ.

ಕಾರ್ಖಾನೆಯವರು ಏನು ಮಾಡುತ್ತಾರೆ? ಹೊಲದಲ್ಲೇ ಆಯ್ದ ಗಡ್ಡೆಯ ಸಿಪ್ಪೆಯನ್ನು ಹಬೆಯಿಂದ ಎಬ್ಬಿಸಿ, ನೀರಿನ ರಭಸದಲ್ಲಿ ಬ್ಲೇಡಿನ ಜಾಲರಿಗೆ ನುಗ್ಗಿಸಿ ಕತ್ತರಿಸುತ್ತಾರೆ. ಬಿಸಿನೀರಿನಲ್ಲಿ ಅದ್ದಿ ಇರುವ ಸಕ್ಕರೆಯನ್ನೆಲ್ಲ ತೊಳೆದುಹಾಕುತ್ತಾರೆ. ಆಮೇಲೆ ಬೇಕಾದ ಬಣ್ಣ ಬರುವಷ್ಟು ಮಾತ್ರ ಡೆಕ್ಸ್‌ಟ್ರೋಸ್ ಸಕ್ಕರೆಯನ್ನು ತಾವೇ ಲೇಪಿಸುವುದುಂಟು. ಬೆಂದ ಗಡ್ಡೆ ಬೂದು ತಿರುಗದಂತೆ ಒಂದು ಫಾಸ್ಫೇಟು, ಆಮೇಲೆ ಬಿಸಿಗಾಳಿ, ಆಮೇಲೆ ಅರೆಕರಿತ, ಆಮೇಲೆ ಕಡ್ಡಿಗೆ ಕಡ್ಡಿ ಬಿಡಿಬಿಡಿಯಾಗಿ ಹೆಪ್ಪು. ಮಾಲಿನಲ್ಲಿ ಟೋಪಿ ಹಾಕಿದ ಹುಡುಗ ಮಾಡುವುದು ಇಷ್ಟೇ: ಪೊಟ್ಟಣ ಒಡೆದು ಬುಟ್ಟಿಗೆ ಸುರಿಯುತ್ತಾನೆ, ಗಂಟೆ ಹೊಡೆದಾಗ ಎತ್ತುತ್ತಾನೆ. ಅವನಿಗೆ ಅಡುಗೆ ಬರಬೇಕಾಗಿಲ್ಲ, ಬರಬಾರದು ಎಂಬುದೇ ಆ ವ್ಯವಸ್ಥೆಯ ತಳಹದಿ. ನಾವು ಮನೆಯಲ್ಲಿ ಹಿಡಿಯಲು ಹೊರಟಿರುವುದು ಯಾವ ಬಾಣಸಿಗನ ಕೈರುಚಿಯನ್ನೂ ಅಲ್ಲ, ಒಂದು ಕನ್ವೇಯರ್ ಬೆಲ್ಟಿನದನ್ನು.

ಇನ್ನೊಂದು ತಮಾಷೆ. ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್‌ನವರು ಮೊದಲು ಅಂಗಡಿಯಲ್ಲೇ ಹಸಿ ಆಲೂಗಡ್ಡೆ ಸುಲಿದು ಕತ್ತರಿಸಿ ಕರಿಯುತ್ತಿದ್ದರು. 1960ರ ದಶಕದಲ್ಲಿ ಐಡಹೋದ ಆಲೂಗಡ್ಡೆ ದೊರೆ ಜೆ.ಆರ್. ಸಿಂಪ್ಲಾಟ್ ಜತೆ ಕೈಕುಲುಕಿದ ಮೇಲೆ ಹೆಪ್ಪುಗಟ್ಟಿದ ಕಡ್ಡಿಗೆ ಬದಲಾದರು. ಕೈಯಲ್ಲಿ ಸುಲಿಯುವುದು ದಂಡ, ರುಚಿ ಒಂದೊಂದು ದಿನ ಒಂದೊಂದು ಥರ ಬರುತ್ತದೆ ಎಂದು ಕಂಪನಿಯೇ ಕೈಬಿಟ್ಟ ಕೆಲಸವನ್ನು ಅಲ್ಲಾಳಸಂದ್ರ ಈಗ ಸಂಬಳವಿಲ್ಲದೆ ವಹಿಸಿಕೊಂಡಿದೆ. ಇನ್ನು ಆ ಹಳೆಯ ಅಮೆರಿಕನ್ ಫ್ರೈಸಿನ ರುಚಿಯ ಗುಟ್ಟು ಕೇಳಿದರೆ ನಮ್ಮ ಅಜ್ಜಿಯಂದಿರು ಗಂಗಾಜಲ ಹುಡುಕುತ್ತಾರೆ. 1990ರವರೆಗೆ ಅಲ್ಲಿ ಕರಿಯುತ್ತಿದ್ದುದು ಬಹುಪಾಲು ದನದ ಕೊಬ್ಬಿನಲ್ಲಿ. ಆಮೇಲೆ ಸಸ್ಯದ ಎಣ್ಣೆ ಎಂದರು. ಆದರೂ ಕಡ್ಡಿಯೊಳಗೆ ದನದ ಸಾರ ಹೊಕ್ಕಿತ್ತು, ಹೆಸರು ಮಾತ್ರ ನ್ಯಾಚುರಲ್ ಫ್ಲೇವರ್. 2001ರಲ್ಲಿ ಸಿಯಾಟಲಿನ ವಕೀಲ ಹರೀಶ್ ಭಾರ್ತಿ ಕೋರ್ಟಿಗೆ ಎಳೆದರು. ಮರುವರ್ಷ ಕಂಪನಿ ಕ್ಷಮೆ ಕೇಳಿ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದಲ್ಲಿ ಹಾಗಿಲ್ಲ, ಇಲ್ಲಿ ಹಸಿರು ಚುಕ್ಕೆ ಇದೆ. ಆದರೆ "ಒರಿಜಿನಲ್ ಟೇಸ್ಟ್ ಬೇಕು" ಎಂದು ಪಟ್ಟು ಹಿಡಿಯುವ ನಮ್ಮ ಶುದ್ಧ ಸಸ್ಯಾಹಾರಿ ಮಿತ್ರರು ಎಷ್ಟು ಒರಿಜಿನಲ್ ಎಂದು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಈ ಊರಿಗೆ ಫಾಸ್ಟ್‌ಫುಡ್ ಬಂದಾಗ ನಾವು ಆರತಿ ಎತ್ತಿ ಬರಮಾಡಿಕೊಂಡವರಲ್ಲ. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಬಾಗಿಲು ತೆಗೆಯಿತು, ದೇಶಕ್ಕೇ ಮೊದಲನೆಯದು. ಅದೇ ವರ್ಷ ಮಹಾನಗರ ಪಾಲಿಕೆ, ಕೋಳಿಯಲ್ಲಿ ಅಜಿನೊಮೊಟೊ ಮಿತಿ ಮೀರಿದೆ ಎಂದು ಪರವಾನಗಿ ರದ್ದು ಮಾಡಿತು. ಕೋರ್ಟು ಬಾಗಿಲು ತೆಗೆಸಿತು. 1996ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನ, ರಾಜ್ಯ ರೈತಸಂಘದ ಹಸಿರು ಶಾಲಿನವರು ಒಳನುಗ್ಗಿ ಗಾಜು, ಪೀಠೋಪಕರಣ ಪುಡಿಮಾಡಿದರು. ಅಹಿಂಸಾಮೂರ್ತಿಯ ದಿನ ಗಾಜು ಒಡೆಯಬಹುದೇ ಎಂದು ಪತ್ರಿಕೆಗಳು ಕೇಳಿದವು. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ಕಾನೂನು ಕಲಿಸಿದವರು, ಅವರ ಹತ್ತಿರ ವಾದಕ್ಕೆ ಬರವಿರಲಿಲ್ಲ. ಅವರ ದಾರಿ ಸರಿಯೋ ತಪ್ಪೋ, ಪ್ರಶ್ನೆ ಸರಿಯಾಗಿತ್ತು: ನಾವು ಏನು ತಿನ್ನಬೇಕು ಎಂಬುದನ್ನು ನಮ್ಮ ಹೊಲ ತೀರ್ಮಾನಿಸಬೇಕೋ, ಅವರ ಬಾಣಲೆಯೋ?

ಅದೇ 1996ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಮ್ಯಾಕ್‌ಡೊನಾಲ್ಡ್ಸ್ ಬಾಗಿಲು ತೆಗೆಯಿತು. ಕಂಪನಿಗಳು ಗೆದ್ದದ್ದು ಕೋರ್ಟಿನಲ್ಲಿ ಎಂದು ಕೆಲವರು, ಜಾಹೀರಾತಿನಿಂದ ಎಂದು ಕೆಲವರು. ನನಗೆ ಹಾಗನ್ನಿಸುವುದಿಲ್ಲ. ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಿಂದು ಬರುವವನು ಬರೀ ಗಿರಾಕಿ, ನಾಳೆ ಬೇಡವೆನ್ನಿಸಿದರೆ ಪಾನಿಪೂರಿ ಗಾಡಿಗೆ ಹೋಗಬಹುದು. ಮನೆಯಲ್ಲಿ ಅಮ್ಮ ಮಾಡಿದ್ದನ್ನು ಅಲ್ಲಿಯ ಅಳತೆಗೋಲಿನಿಂದ ಅಳೆದು ಮಗು ಫೇಲ್ ಮಾಡಿದ ದಿನ, ಅಪ್ಪ ಆ ಫಲಿತಾಂಶವನ್ನು ಒಪ್ಪಿ ಮರುಪರೀಕ್ಷೆಗೆ ಕೂತ ದಿನ, ಕಂಪನಿ ಗೆದ್ದಿತು. ಗಾಜು ಒಡೆಯಲು ಈಗ ಯಾವ ಅಂಗಡಿಗೆ ಹೋಗುವುದು? ಶಾಖೆ ನಮ್ಮ ಅಡುಗೆಮನೆಯಲ್ಲೇ ಇದೆ, ಬಾಡಿಗೆ ನಾವೇ ಕಟ್ಟುತ್ತಿದ್ದೇವೆ.

ಜನವರಿ 30ರ ವಿಷಯ ಬಂತಲ್ಲ, ಯಲಹಂಕದ ಕಡೆಯವರಿಗೆ ಅದಕ್ಕೆ ಇನ್ನೊಂದು ಅಡಿಟಿಪ್ಪಣಿ ಉಂಟು. 2023ರಲ್ಲಿ ವಾಯುನೆಲೆಯ ಏರೋ ಇಂಡಿಯಾ ಪ್ರದರ್ಶನಕ್ಕೆ ಮುನ್ನ ಬಿಬಿಎಂಪಿ ಒಂದು ಆದೇಶ ಹೊರಡಿಸಿತು. ಸುತ್ತ 10 ಕಿಲೋಮೀಟರಿನೊಳಗೆ ಜನವರಿ 30ರಿಂದ ಫೆಬ್ರವರಿ 20ರವರೆಗೆ ಮಾಂಸ ಮಾರುವಂತಿಲ್ಲ, ಹೋಟೆಲಿನಲ್ಲಿ ಬಡಿಸುವಂತೆಯೂ ಇಲ್ಲ. ಎಸೆದ ಮಾಂಸಕ್ಕೆ ಹದ್ದುಗಳು ಬರುತ್ತವೆ, ಹದ್ದು ಬಂದರೆ ವಿಮಾನಕ್ಕೆ ಅಪಾಯ. ಅಲ್ಲಾಳಸಂದ್ರವಂತೂ ಆ ವೃತ್ತದ ಹೊಟ್ಟೆಯೊಳಗೇ ಇದೆ. ರೈತಸಂಘ ಕಲ್ಲು ತೂರಿ ಸಾಧಿಸಲಾಗದ್ದನ್ನು ಹದ್ದುಗಳು ರೆಕ್ಕೆ ಬಡಿದು ಸಾಧಿಸಿದವು. ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಕೋಳಿ ಮಾಯ. ಉಳಿದದ್ದೇನು? ಫ್ರೈಸ್. ಆಲೂಗಡ್ಡೆಗೆ ಯಾವ ಹದ್ದೂ ಎರಗುವುದಿಲ್ಲ. ಎರಗುವುದು ಲೇಔಟಿನ ಮಕ್ಕಳು ಮಾತ್ರ, ಅವರಿಂದ ಯುದ್ಧವಿಮಾನಕ್ಕೆ ಅಪಾಯವಿಲ್ಲ.

ನಮ್ಮ ಅಸೋಸಿಯೇಷನ್ ಗ್ರೂಪಿನಲ್ಲಿ ಈ ವಿಷಯಕ್ಕೆ ಮೂರು ಪಕ್ಷಗಳಿವೆ. ಬಾಣಲೆ ಪಕ್ಷ ಸನಾತನವಾದದ್ದು: ಎಣ್ಣೆ ತುಂಬಿರಬೇಕು, ಇಲ್ಲದಿದ್ದರೆ ಕರಿಯುವುದೇ ಬೇಡ. ಏರ್ ಫ್ರೈಯರ್ ಪಕ್ಷದವರು ಕ್ರಾಂತಿಕಾರಿಗಳು. ಆ ಡಬ್ಬಿಯೊಳಗಿರುವುದು ಒಂದು ಕಾಯಿಲು, ಒಂದು ಫ್ಯಾನು. ಅದು ಸಣ್ಣ ಓವನ್ನು, ಬಿಸಿಗಾಳಿಯಲ್ಲಿ ಸುಡುತ್ತದೆಯೇ ಹೊರತು ಕರಿಯುವುದಿಲ್ಲ. ಆದರೆ ಸುಟ್ಟ ಆಲೂಗಡ್ಡೆ ಎಂದರೆ ಯಾರು ಕೊಳ್ಳುತ್ತಾರೆ? ಅದರಲ್ಲಿ ಹಸಿ ಕಡ್ಡಿ ಹಾಕಿದರೆ ಹೊರಗೆ ಚರ್ಮ, ಒಳಗೆ ಪಥ್ಯ. ಚೆನ್ನಾಗಿ ಬರುವುದು ಅಂಗಡಿಯ ಫ್ರೋಜನ್ ಪೊಟ್ಟಣ ಸುರಿದಾಗ, ಏಕೆಂದರೆ ಅದನ್ನು ಕಾರ್ಖಾನೆಯವರು ಮೊದಲೇ ಎಣ್ಣೆಯಲ್ಲಿ ಒಂದು ಸುತ್ತು ಕರಿದಿರುತ್ತಾರೆ. "ಜೀರೋ ಆಯಿಲ್" ಎಂದು ತಟ್ಟೆಯ ಫೋಟೊ ಹಾಕುವವರು ಪೊಟ್ಟಣವನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದರೆ ಅಲ್ಲಿ ಪಾಮೊಲಿನ್ ತಣ್ಣಗೆ ಕೂತಿರಬಹುದು. ಮೂರನೆಯದು ಈ ಪೊಟ್ಟಣದ ಪಕ್ಷವೇ, ಗುಪ್ತ ಮತದಾರರದ್ದು. ಗ್ರೂಪಿನಲ್ಲಿ ಬಾಯಿ ಬಿಡುವುದಿಲ್ಲ. ಡೆಲಿವರಿ ಹುಡುಗ ಬಂದಾಗ ಚೀಲವನ್ನು ಕೆಳಗೇ ಇಳಿದು ತೆಗೆದುಕೊಳ್ಳುತ್ತಾರೆ. ಈ ಕತೆಯಲ್ಲಿ ನಿದ್ದೆ ಕೆಡದವರು ಅವರು ಮಾತ್ರ.

ಕಾನೂನಿನ ಭಯವೂ ಒಂದಿಷ್ಟು ಇರಲಿ. ಚಿಪ್ಸಿನ ಗಡ್ಡೆಯ ವಿಷಯದಲ್ಲಿ 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ರೈತರ ಮೇಲೆ, ನಮ್ಮ ನೋಂದಾಯಿತ ತಳಿ ಬೆಳೆದಿರಿ ಎಂದು ಕೋಟಿ ರೂಪಾಯಿ ಮೀರಿದ ಪರಿಹಾರ ಕೇಳಿ ಮೊಕದ್ದಮೆ ಹೂಡಿತ್ತು. ಗಲಾಟೆ ಎದ್ದ ಮೇಲೆ ಹಿಂತೆಗೆದುಕೊಂಡಿತು. ಆದ್ದರಿಂದ ಬಾಲ್ಕನಿಯ ಕುಂಡದಲ್ಲಿ ನಾನೇ ಫ್ರೈಸ್ ತಳಿ ಬೆಳೆದುಕೊಳ್ಳುತ್ತೇನೆ ಎಂದು ಓಡಾಡುತ್ತಿರುವ ಐದನೇ ಮಹಡಿಯವರು ಒಬ್ಬ ವಕೀಲರನ್ನು ನೋಡಿಟ್ಟುಕೊಳ್ಳಲಿ. ಪಕ್ಕದಲ್ಲೇ ಜುಡಿಷಿಯಲ್ ಲೇಔಟ್ ಇದೆ, ದೂರ ಹೋಗಬೇಕಾಗಿಲ್ಲ.

ಮೂರನೇ ಮಹಡಿಗೆ ಬರೋಣ. ಅಂತೂ ಒಂದು ಭಾನುವಾರ ಕರೆಂಟು ಕೈಕೊಡಲಿಲ್ಲ, ಫ್ರೀಜರು ಹೆಪ್ಪು ಬಿಡಲಿಲ್ಲ, ಆಗ್ರಾದ ಗಡ್ಡೆಯಲ್ಲೂ ಒಳ್ಳೆಯ ಜಾತಕದ್ದು ಸಿಕ್ಕಿತ್ತು. ಸಾಹೇಬರು ಹಿಡಿ ಹಿಡಿಯಾಗಿ ಕರಿದರು. ಕಡ್ಡಿಗಳು ಬಾಣಲೆಯಲ್ಲಿ ಮೊದಲು ಗದ್ದಲವೆಬ್ಬಿಸಿ, ಗುಳ್ಳೆ ಸಣ್ಣದಾಗುತ್ತಾ ಬಂದು, ಕೊನೆಗೆ ಜಾಲರಿಗೆ ತಾಗಿ ಟಣಟಣ ಎಂದವು. ಆ ಸದ್ದು ಬಂದರೆ ಗೆದ್ದ ಹಾಗೆ. ಬಿಸಿ ಇರುವಾಗಲೇ ಪುಡಿ ಉಪ್ಪು ಉದುರಿಸಿ ಕೊಡವಿದರು. ಸಿಂಕಿನಲ್ಲಿ ಎರಡು ಬಾಣಲೆ, ಮೂರು ತಟ್ಟೆ, ಜರಡಿ, ಕಟ್ಟರು, ಎಣ್ಣೆ ಕುಡಿದ ನಾಲ್ಕು ಟವೆಲು. ಒಲೆಯ ಹಿಂದಿನ ಟೈಲ್ಸಿನ ಮೇಲೆ ಹಳದಿ ಹನಿ. ಅವೆಲ್ಲ ಸೊಸೆಯ ಇಲಾಖೆ, ಸಾಹೇಬರ ಪ್ರಾಜೆಕ್ಟಿನ ವ್ಯಾಪ್ತಿಗೆ ಬರುವುದಿಲ್ಲ.

ಮಗ ಒಂದು ಕಡ್ಡಿ ಎತ್ತಿದ. ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದರು. ಕಚ್ಚಿದ. ಕರಂ ಎಂದಿತು. ಪೂರ್ತಿ ತಿಂದ. ಇನ್ನೊಂದು ಎತ್ತಿದ.

"ಹೇಗಿದೆ ಪುಟ್ಟಾ? ಅಲ್ಲಿಯ ಥರಾನೇ ಇದೆ ಅಲ್ವಾ?"

"ಹೂಂ ಪಪ್ಪಾ, ಸೇಮ್," ಎಂದ. ತಟ್ಟೆಯ ಆಚೆ ಈಚೆ ನೋಡಿದ. "ಟಾಯ್ ಎಲ್ಲಿ?"

ಅಲ್ಲಿಗೆ ಮುಗಿಯಲಿಲ್ಲ. ಬಾಣಲೆಯಲ್ಲಿ ಎರಡು ಲೀಟರಿನಷ್ಟು ಎಣ್ಣೆ ಉಳಿದಿತ್ತು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಪೋಲಾರ್ ಸಂಯುಕ್ತಗಳು ಬೆಳೆಯುತ್ತವೆ, ಶೇಕಡಾ 25 ಮೀರಿದರೆ ಅಡುಗೆಗೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ ನಿಯಮ ಮಾಡಿದೆ. ಆ ನಿಯಮವನ್ನು ಸಾಹೇಬರು ಹಿಂದೊಮ್ಮೆ ಬಜ್ಜಿ ಅಂಗಡಿಯವನಿಗೆ ರಸ್ತೆಯಲ್ಲಿ ನಿಂತು ಓದಿ ಹೇಳಿದ್ದರು. ಈಗ ಸಿಂಕಿಗೆ ಸುರಿದರೆ ಪೈಪು ಕಟ್ಟುತ್ತದೆ, ಚರಂಡಿಗೆ ಸುರಿದರೆ ಕೆರೆಯ ಹತ್ತಿರ ವಾಕಿಂಗ್ ಹೋಗುವ ಪರಿಸರ ಸಮಿತಿಯವರು ಗ್ರೂಪಿನಲ್ಲಿ ಫೋಟೊ ಹಾಕುತ್ತಾರೆ. ಚೆಲ್ಲೋಣವೆಂದರೆ ಲೀಟರಿನ ಬೆಲೆ ನೆನಪಾಗುತ್ತದೆ. ಉಕ್ರೇನಿನಲ್ಲಿ ಯುದ್ಧ ಶುರುವಾದ ವರ್ಷ ಸೂರ್ಯಕಾಂತಿ ಎಣ್ಣೆ ಏರಿದ ಪರಿ ಯಾರೂ ಮರೆತಿಲ್ಲ. ತಾಯಿಯವರು ಮಗನ ಮುಖ ಒಂದು ಸಲ, ಬಾಣಲೆ ಒಂದು ಸಲ ನೋಡಿ, ಬಟ್ಟೆಯಲ್ಲಿ ಸೋಸಿ ಸ್ಟೀಲ್ ಡಬ್ಬಿಗೆ ತುಂಬಿ ಒಲೆಯ ಪಕ್ಕ ಇಟ್ಟರು.

ಸೋಮವಾರ ಉಪ್ಪಿಟ್ಟಿಗೆ ಅದೇ ಒಗ್ಗರಣೆ. ಮಂಗಳವಾರ ತೊವ್ವೆಗೆ. ಬುಧವಾರ, ಫ್ರೀಜರಿನಿಂದ ಹೊರಬಿದ್ದು ಇನ್ನು ಕಾಯಲಾರದ ಹಿತಕಿದ ಬೇಳೆಯ ಸಾರಿಗೆ. ಹುಡುಗ ಮುದ್ದೆ ಮುರಿದು ಸಾರಿಗೆ ಅದ್ದಿ, ಬಾಯಿಗಿಟ್ಟು, ತಡೆದು, ಇನ್ನೊಂದು ತುತ್ತು ಮುರಿದ.

"ಅಮ್ಮಾ, ಇದು ಅಲ್ಲಿಯ ಥರಾನೇ ಇದೆ."